ಉಜ್ವಲಾ ಕೇಳಿದ ಪದಗಳು

ಎಂಬಿಎ ಪ್ರವೇಶ ಪರೀಕ್ಷೆಗೆ ವಿನುತಾ, ಅವಳ ತಂಗಿ ಇಬ್ಬರೂ ಓದುತ್ತಿದ್ದರು. ತಂಗಿ ಏನಾದರೂ ಕೇಳಿದರೆ ವಿನುತಾ ಸಿಡುಕುವಳು. ಗೆಳತಿ ಉಜ್ವಲಾ ಮಾತ್ರ ದಿನವೂ ಇಂಗ್ಲಿಷ್ ಪ್ಯಾಸೇಜು ಹಿಡಿದು ಬಂದು ಕಷ್ಟದ ಪದಗಳ ಅರ್ಥ ಕೇಳುತ್ತಿದ್ದಳು. ಇವಳೂ ಪೈಪೋಟಿಗೆ ಬಂದಳಲ್ಲ ಎಂದು ಹೊಟ್ಟೆ ಉರಿದು, ವಿನುತಾ ಬೇಕೆಂದೇ ತಪ್ಪು ಅರ್ಥಗಳನ್ನು ಹೇಳಿಕೊಟ್ಟಳು.

ಪರೀಕ್ಷೆಯ ದಿನ ತಂಗಿ ಮೊದಲೇ ಒಳಗೆ ಹೋದಳು. ಗೇಟಿನ ಬಳಿ ಉಜ್ವಲಾ ವಿನುತಾಳ ಕೈ ಹಿಡಿದುಕೊಂಡು, "ನಿನ್ನಿಂದ ದೊಡ್ಡ ಉಪಕಾರ ಆಯ್ತು ಕಣೇ" ಎಂದಳು.

ವಿನುತಾಳಿಗೆ ತಡೆಯಲಾಗಲಿಲ್ಲ. "ನಾನು ಹೇಳಿದ ಅರ್ಥಗಳೆಲ್ಲ ತಪ್ಪು. ಒಂದನ್ನೂ ನಂಬಬೇಡ."

ಉಜ್ವಲಾಳ ಮುಖ ಬಿಳಿಚಿಕೊಂಡಿತು.

"ಅಯ್ಯೋ, ಅವು ನನಗಲ್ಲ ಕಣೇ! ನಿನ್ನ ಕೇಳೋಕೆ ಹೆದರಿ ನಿನ್ನ ತಂಗಿ ನನ್ನ ಕೈಲಿ ಕೇಳಿಸ್ತಿದ್ಲು."