ಮೊದಲ ಲೆವೆಲ್‌ನ ಬಾಗಿಲು

ಗೇಮ್ ಮಾಡುವುದೆಂದರೆ ಮನೆಯಲ್ಲಿ ಆಟ ಆಡಿಕೊಂಡು ಕೂರುವುದು ಎಂದುಕೊಂಡವರು, ಎರಡು ನಿಮಿಷ ಬಿಡುವು ಮಾಡಿಕೊಂಡು ಇದನ್ನು ಓದಿ...

ಹುಬ್ಬಳ್ಳಿಯ ಹುಡುಗ ಜೀವಂಧರ. ವಯಸ್ಸು ಇಪ್ಪತ್ತೇಳು. ಮೂರು ವರ್ಷದಿಂದ ಒಬ್ಬನೇ ಕುಳಿತು ಒಂದು ವಿಡಿಯೋ ಗೇಮ್ ಮಾಡುತ್ತಿದ್ದ.

ಚಿತ್ರ ಅವನದೇ, ಕೋಡ್ ಅವನದೇ, ಸಂಗೀತವೂ ಅವನದೇ... ಬೈಸಿಕೊಳ್ಳುವವನೂ ಅವನೇ.

"ಇನ್ನೂ ಮುಗೀಲಿಲ್ಲೇನೋ ನಿಂದು?" ಎಂದು ಅವ್ವ ಕೇಳುತ್ತಿದ್ದಳು. "ಇದು ಕೆಲಸಾನೋ, ಚಟಾನೋ?" ಎಂದು ಮಾವ ಕೇಳುತ್ತಿದ್ದ.

ಗೆಳೆಯರದು ಇನ್ನೊಂದು ಕಾಟ. ಲಿಂಕ್ ಕಳಿಸಿದ ಅರ್ಧ ನಿಮಿಷಕ್ಕೆ "ಸೂಪರ್ ಲೇ" ಎಂದು ಉತ್ತರ ಬರುತ್ತಿತ್ತು... ಡೌನ್‌ಲೋಡ್ ಆಗುವುದಕ್ಕೇ ಹತ್ತು ನಿಮಿಷ ಬೇಕು.

ನಿಜವಾಗಿ ಆಡಿದ ನಾಲ್ಕು ಜನರೂ ಮೊದಲ ಲೆವೆಲ್ ದಾಟುತ್ತಿರಲಿಲ್ಲ. ಯಾಕೆ ಬಿಟ್ಟಿರಿ ಎಂದು ಕೇಳಿದರೆ ಒಬ್ಬರೂ ಸರಿಯಾಗಿ ಹೇಳುತ್ತಿರಲಿಲ್ಲ.

ಆ ಭಾನುವಾರ ಒಂದು ಕಾಲೇಜಿನ ಹಾಲ್‌ನಲ್ಲಿ ಹೊಸಬರು ಮಾಡಿದ ಗೇಮ್‌ಗಳ ಪ್ರದರ್ಶನವಿತ್ತು. ಒಬ್ಬೊಬ್ಬರಿಗೆ ಒಂದು ಟೇಬಲ್, ಎರಡು ಕುರ್ಚಿ. ಬಂದವರು ಕುಳಿತು ಆಡಬಹುದು.

ಜೀವಂಧರ ಬೆಳಿಗ್ಗೆಯೇ ತೀರ್ಮಾನ ಮಾಡಿದ್ದ. ಇವತ್ತು ಒಬ್ಬರಾದರೂ ತಮ್ಮ ಕೈಯಾರೆ ಮೊದಲ ಲೆವೆಲ್ ಮುಗಿಸದಿದ್ದರೆ ಇಡೀ ಫೋಲ್ಡರ್ ಡಿಲೀಟ್... ಸೋಮವಾರದಿಂದ ಮಾವನ ಸಿಮೆಂಟ್ ಅಂಗಡಿ.

ಅವನ ಆಟ ಸರಳ. ಒಬ್ಬ ಹುಡುಗಿ ಹಳೆಯ ಕಾಲದ ದೊಡ್ಡ ವಾಡೆ ಮನೆಯೊಂದರಲ್ಲಿ ಕಳೆದುಹೋದ ತನ್ನ ಆಡಿನ ಮರಿಗಳನ್ನು ಹುಡುಕುತ್ತಾಳೆ.

ಮೊದಲ ಲೆವೆಲ್‌ನ ಅಂಗಳ ದಾಟಲು ಒಂದೇ ಬಾಗಿಲು. ಅದರ ಮೇಲೆ ಮೌಸ್ ಒತ್ತಿ ಮೂರು ಸೆಕೆಂಡ್ ಹಾಗೇ ಹಿಡಿದಿರಬೇಕು. ಹಳೇ ಬಾಗಿಲಲ್ಲವೇ, ದಬ್ಬಿ ಹಿಡಿದರೆ ಮಾತ್ರ ತೆರೆಯುವುದು.

ಆದರೆ ಬಂದವರೆಲ್ಲ ಒಮ್ಮೆ ಒತ್ತಿ ಬಿಡುತ್ತಿದ್ದರು. ಅಷ್ಟರಲ್ಲೇ ಇವನ ಬಾಯಿ ಶುರು.

"ಒತ್ತಿ ಹಿಡೀರಿ ಸರ್... ಬಿಡಬ್ಯಾಡ್ರಿ... ಅಲ್ರಿ, ಕೊಡ್ರಿ ಇಲ್ಲೆ."

ಮೌಸ್ ಕಿತ್ತುಕೊಂಡು ತಾನೇ ಬಾಗಿಲು ತೆರೆದು ತೋರಿಸುತ್ತಿದ್ದ. "ಹೌದಾ? ಚೊಲೋ ಐತಿ ಬಿಡ್ರಿ" ಎಂದು ಅವರು ಎದ್ದು ಹೋಗುತ್ತಿದ್ದರು.

ಮಧ್ಯಾಹ್ನ ಮೂರು ಗಂಟೆಗೆ ಅವನ ತಲೆ ಕೆಟ್ಟು ಹೋಗಿತ್ತು. ಎದುರಿನ ಟೇಬಲ್‌ನಲ್ಲಿ ಕಾರ್ ರೇಸ್, ಅಲ್ಲಿ ಜನವೋ ಜನ... ಇಲ್ಲಿ ನೊಣ ಹೊಡೆಯುವ ಪರಿಸ್ಥಿತಿ.

ಈ ಜನಕ್ಕೆ ತಾಳ್ಮೆಯೂ ಇಲ್ಲ, ತಲೆಯೂ ಇಲ್ಲ ಎಂದು ಹಲ್ಲು ಕಡಿದ. ಇನ್ನು ಯಾರು ಬಂದರೂ ಒಂದು ಮಾತೂ ಆಡುವುದಿಲ್ಲ ಎಂದು ಕೈ ಕಟ್ಟಿ ಕುಳಿತುಬಿಟ್ಟ.

ಆಗ ಒಬ್ಬ ಅಜ್ಜಿ ಬಂದು ಖಾಲಿ ಕುರ್ಚಿಯಲ್ಲಿ ಕುಳಿತಳು. ಮೊಮ್ಮಗಳು ಕಾರ್ ರೇಸ್ ಸಾಲಿನಲ್ಲಿ ನಿಂತಿದ್ದಳು. ಅಜ್ಜಿಗೆ ಮೊಣಕಾಲು ನೋವು, ಅಷ್ಟೇ.

"ಇದನ್ನ ಮುಟ್ಟಬಹುದೇನಪಾ?" ಎಂದು ಮೌಸ್ ತೋರಿಸಿದಳು. ಅವನು ಸುಮ್ಮನೆ ತಲೆ ಆಡಿಸಿದ.

ಒತ್ತಿದ ಕಡೆಗೆ ಹುಡುಗಿ ನಡೆಯುತ್ತಾಳೆ ಎಂಬುದು ಅಜ್ಜಿಗೆ ತಾನಾಗಿಯೇ ತಿಳಿಯಿತು. ಮುಖ ಅರಳಿತು. ಬಾಗಿಲಾಚೆ ಆಡಿನ ಮರಿ ಕೂಗಿದ್ದು ಕೇಳಿ, "ಬಂದೆ ತಡಿಯವ್ವ" ಎಂದಳು.

ಬಾಗಿಲನ್ನು ಒಮ್ಮೆ ಒತ್ತಿ ಬಿಟ್ಟಳು. ಏನೂ ಆಗಲಿಲ್ಲ.

ಬಿದ್ದ ಸೂಜಿ ಹುಡುಕುವ ಹಾಗೆ ಗೋಡೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಚೂರೂ ಬಿಡದೆ ಒತ್ತುತ್ತಾ ಹೋದಳು. ಬಾಗಿಲಿಗೇ ನಾಲ್ಕು ಸಲ ಬಂದಳು... ನಾಲ್ಕು ಸಲವೂ ಒತ್ತಿ ಬಿಟ್ಟಳು.

ಜೀವಂಧರನ ಮಾತು ತುಟಿಯವರೆಗೆ ಬಂದು ನಿಂತಿತು. ಹಟ ಅಂದರೆ ಹಟ. ಐದು ನಿಮಿಷವಾಯಿತು... ಹತ್ತು ನಿಮಿಷವಾಯಿತು...

ಬೆಳಿಗ್ಗೆಯಿಂದ ಅವನು ಪರದೆಯನ್ನೇ ನೋಡಿದ್ದ. ಈಗ ಮಾಡಲು ಬೇರೆ ಕೆಲಸವಿಲ್ಲದೆ ಅಜ್ಜಿಯ ಮುಖ ನೋಡಿದ. ಅರಳಿದ್ದ ಮುಖ ಸ್ವಲ್ಪ ಸ್ವಲ್ಪವಾಗಿ ಸಣ್ಣದಾಗುತ್ತಿತ್ತು.

ಕೊನೆಗೆ ಅಜ್ಜಿ ಮೌಸ್ ಅನ್ನು ಮೆಲ್ಲಗೆ ಬದಿಗೆ ಸರಿಸಿದಳು.

"ತಪ್ಪು ತಿಳೀಬ್ಯಾಡ ತಮ್ಮಾ... ಆಟ ಚೊಲೋ ಮಾಡೀದಿ. ಕೌದಿ ಹೊಲಿಯೋಕಿ ನಾ, ಸಾಲಿ ಕಲ್ತಿಲ್ಲ. ನನಗಽ ಬುದ್ಧಿ ಸಾಲವಲ್ದು. ಆ ಮರಿ ಒಂದಽ ಸಮ ಕೂಗಾಕತ್ತೈತಿ... ನನ್ನ ಕೈಲೆ ಆಗವಲ್ದು."

ಜೀವಂಧರನ ಕಣ್ಣು ತುಂಬಿತು.

ಬೆಳಿಗ್ಗೆಯಿಂದ ಎಷ್ಟು ಜನ ಹೀಗೆ ಎದ್ದು ಹೋಗಿದ್ದರು... ಅವರಿಗೆ ತನ್ನ ಕೆಲಸದ ಬೆಲೆ ಗೊತ್ತಿಲ್ಲ ಎಂದುಕೊಂಡಿದ್ದ. ಅವರಲ್ಲಿ ಎಷ್ಟು ಜನ ತಾವೇ ದಡ್ಡರು ಎಂದುಕೊಂಡು ಹೋದರೋ. ಬಾಗಿಲು ಕೆಡಿಸಿದವನು ಇವನು, ನಾಚಿಕೆಪಟ್ಟವರು ಅವರು.

"ಅಜ್ಜೀ, ತಪ್ಪು ನಿಮ್ದಲ್ರೀ... ನಂದು. ಒಂದು ಹತ್ತು ನಿಮಿಷ ಕುಂದರ್ರಿ" ಎಂದ.

ಅಲ್ಲೇ ಲ್ಯಾಪ್‌ಟಾಪ್ ಎಳೆದುಕೊಂಡು ಕೋಡ್ ತಿದ್ದಿದ. ಒಮ್ಮೆ ಒತ್ತಿದರೂ ಬಾಗಿಲು ಕಿರ್ರೆಂದು ಒಂದು ಬೆರಳಿನಷ್ಟು ಸರಿಯಬೇಕು, ಬಿಟ್ಟರೆ ವಾಪಸ್ ಮುಚ್ಚಿಕೊಳ್ಳಬೇಕು. ಇಷ್ಟೇ. ಮೂರು ವರ್ಷದಲ್ಲಿ ಇದು ಅವನಿಗೆ ಹೊಳೆದಿರಲಿಲ್ಲ.

ಅಜ್ಜಿ ಅನುಮಾನದಿಂದಲೇ ಮತ್ತೆ ಒತ್ತಿದಳು. ಬಾಗಿಲು ಕಿರ್ರೆಂದಿತು.

"ಅಯ್ಯ... ಅಳ್ಳಾಡ್ತೈತಿದು" ಎಂದು ಈ ಸಲ ಬಿಗಿಯಾಗಿ ಒತ್ತಿ ಹಿಡಿದಳು. ಹಿಡಿ ಎಂದು ಯಾರೂ ಹೇಳಿರಲಿಲ್ಲ.

ಬಾಗಿಲು ತೆರೆಯಿತು. ಆಡಿನ ಮರಿ ಓಡಿಬಂದು ಹುಡುಗಿಯ ಕಾಲು ಸುತ್ತಿತು. ಮೊದಲ ಲೆವೆಲ್ ಮುಗಿಯಿತು ಎಂದು ಪರದೆ ಹೇಳಿತು... ಫೋಲ್ಡರ್ ಉಳಿಯಿತು ಎಂದು ಬೇರೆ ಹೇಳಬೇಕಾಗಿಲ್ಲ.

ಅಷ್ಟರಲ್ಲಿ ಮೊಮ್ಮಗಳು ಬಂದು "ಏಳಜ್ಜಿ, ಹೋಗೂಣು" ಎಂದಳು. ಅಜ್ಜಿ ಏಳಲಿಲ್ಲ. ಆಟದೊಳಗೆ ಇನ್ನೊಂದು ಮರಿ ಎಲ್ಲೋ ದೂರದಲ್ಲಿ ಕೂಗುತ್ತಿತ್ತು.

ಜೀವಂಧರನಿಗೆ ತಡೆಯಲಾಗಲಿಲ್ಲ. "ಅಜ್ಜೀ, ಆ ಮರಿ ಎಲ್ಲೈತಿ ಅಂದ್ರ..." ಎಂದು ಬಾಯಿ ತೆರೆದ.

"ಸುಮ್ನಿರಪಾ, ಹೇಳಬ್ಯಾಡ" ಎಂದಳು ಅಜ್ಜಿ, ಪರದೆಯಿಂದ ಕಣ್ಣು ತೆಗೆಯದೆ. "ನಾನಽ ಹುಡುಕ್ತೀನಿ."

ನಾವು ಮಾಡಿದ್ದು ಇನ್ನೊಬ್ಬರಿಗೆ ತಿಳಿಯದಿದ್ದರೆ, ಅವರ ಬುದ್ಧಿಯನ್ನು ಅಳೆಯುವ ಮೊದಲು ನಮ್ಮ ಕೆಲಸವನ್ನು ನೋಡಿಕೊಳ್ಳಬೇಕು.

ನಿಮ್ಮ ಮುಂದೆ ಯಾರೋ ತಡವರಿಸಿದಾಗ... ನೀವು ಅವರ ಕೈಯಿಂದ ಕಿತ್ತುಕೊಂಡಿರಾ, ಇಲ್ಲ ಒಂದು ನಿಮಿಷ ಸುಮ್ಮನೆ ನಿಂತು ಅವರ ಮುಖ ನೋಡಿದಿರಾ?