ಸುಭದ್ರಾಬಾಯಿಯ ಹೀಲರ್

ಇವತ್ತು ಸುಭದ್ರಾಬಾಯಿಯನ್ನು ಸಾಯಿಸುವುದೆಂದು ಶಿವಾನಿ ಮತ್ತು ಹಬೀಬ ಬೀದರ್ ಬಸ್ ನಿಲ್ದಾಣದಲ್ಲೇ ಮಾತಾಡಿಕೊಂಡು ಬಂದಿದ್ದರು. ಆಟದಲ್ಲಿ, ಅಷ್ಟೇ. ಆದರೂ ಅವಳ ಮನೆಯ ಕದದ ಮುಂದೆ ನಿಂತು, ನೀನೇ ತಟ್ಟು ಎಂದು ಒಬ್ಬರನ್ನೊಬ್ಬರು ಮುಂದೆ ತಳ್ಳಿದರು.

ಪಾತ್ರ ಕಟ್ಟಿ, ದಾಳ ಉರುಳಿಸಿ, ಮಾತಿನಲ್ಲೇ ಕೋಟೆ-ರಾಕ್ಷಸರ ಕಥೆ ನಡೆಸುವ ಆಟ ಅದು. ಸುಭದ್ರಾಬಾಯಿಯ ಮಗ ಅಶ್ವಜಿತ ಹಚ್ಚಿದ ಹುಚ್ಚು. ಪ್ರತಿ ಪಾತ್ರಕ್ಕೂ ಒಂದು ಕ್ಲಾಸ್, ಅಂದರೆ ಕಸುಬು: ಅವನು ಫೈಟರ್, ಹಬೀಬ ಕಳ್ಳ. ಕಥೆ ನಡೆಸುವವಳು ಶಿವಾನಿ. ಅಶ್ವಜಿತನಿಗೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೂ ಇಬ್ಬರೂ ದವಾಖಾನೆಗೆ ಹೋಗಿ ಅವನನ್ನು ನಗಿಸಿದ್ದೇ ನಗಿಸಿದ್ದು. ಅವನು ತೀರಿಕೊಂಡ ದಿನವೂ ಓಡಾಡಿ ಬಂದವರಿಗೆಲ್ಲ ನೀರು ಕೊಟ್ಟರು, ಚಾಪೆ ಹಾಸಿದರು. ಗಟ್ಟಿ ಮನಸ್ಸಿನವರು ಎಂದು ಓಣಿಯವರು ಮೆಚ್ಚಿದರು.

ತೀರಿಕೊಂಡವನ ಹೆಸರಲ್ಲಿ ಮಾಡುವ ಪುಣ್ಯಾನುಮೋದನೆಯ ದಿನ ಬುದ್ಧವಂದನೆ ಮುಗಿದೊಡನೆ ಸುಭದ್ರಾಬಾಯಿ ಇಬ್ಬರನ್ನೂ ಬದಿಗೆ ಕರೆದಳು.

"ಐತವಾರ ಬರ್ರಿ. ಅವನ ಜಾಗಾದಾಗ ನಾ ಕೂಡ್ತೇನಿ. ನನಗೂ ಒಂದು ಕ್ಲಾಸ್ ಕೊಡ್ರಿ."

ಯಾವ ಯಾವ ಕ್ಲಾಸ್ ಇವೆಯೆಂದು ಶಿವಾನಿ ವಿವರಿಸುವ ಮೊದಲೇ "ಹೀಲರ್" ಎಂದಳು. ಗಾಯ ಮಾಯಿಸುವವಳು. ಕತ್ತಿ ಬೇಡ, ಬೆಂಕಿಯ ಮಂತ್ರ ಬೇಡ. ಬಲಕ್ಕೆ ಇಡಬೇಕಾದ ಅಂಕಗಳನ್ನೂ ಮದ್ದಿನ ಶಕ್ತಿಗೇ ಸುರಿದಳು. ಮಗನನ್ನು ಉಳಿಸಿಕೊಳ್ಳಲಾಗದ ತಾಯಿ ಬೇರೇನು ಆರಿಸಿಕೊಂಡಾಳು ಎಂದು ಇಬ್ಬರೂ ಮರುಗಿದರು.

ಅಂದಿನಿಂದ ಪ್ರತಿ ಐತವಾರ ಬಂದರು. ಶಿವಾನಿ ಭಾಲ್ಕಿಯ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಹಬೀಬ ಬೀದರ್ ಪಕ್ಕದ ಕೊಳಾರದ ಗೋದಾಮಿನಲ್ಲಿ ದುಡಿಯುತ್ತಾನೆ. ವಾರಕ್ಕೆ ಅದೊಂದೇ ರಜೆ. ಅಶ್ವಜಿತನ ಕುರ್ಚಿಯತ್ತ ನೋಡಲಾಗುತ್ತಿರಲಿಲ್ಲ. ಆದರೂ ನಗುತ್ತಲೇ ಆಡಿದರು. ಬಿಟ್ಟರೆ ಮುದುಕಿ ಕುಸಿದುಹೋಗುತ್ತಾಳೆ ಎಂಬ ಭಯ.

ಅವಳಿಗೋ ದಾಳದ ಲೆಕ್ಕವೇ ತಲೆಗೆ ಹತ್ತಲಿಲ್ಲ. ದಾಳ ಉರುಳುವಾಗಲೂ ಕಣ್ಣು ಇವರ ಮುಖದ ಮೇಲೆ. ಕಳ್ಳನಿಗೆ ಗೀರು ಬಿದ್ದರೂ ಓಡಿ ಮದ್ದು ಹಾಕುವಳು. ತನ್ನ ಪಾತ್ರದ ಗಾಯಕ್ಕೆ ಎಂದೂ ಇಲ್ಲ. ಪಾಪ, ಆಟ ತಿಳಿಯದು ಎಂದುಕೊಂಡರು.

ಬರಬರುತ್ತ ಇಬ್ಬರಿಗೂ ತಾಳಲಾಗಲಿಲ್ಲ; ಸಾಕು ಎಂದು ಅವಳಿಗೆ ಹೇಳುವ ಧೈರ್ಯವೂ ಇರಲಿಲ್ಲ. ಅವಳ ಪಾತ್ರ ಸತ್ತರೆ ಆಟ ತಾನಾಗಿ ನಿಲ್ಲುತ್ತದೆ, ನಾವು ಕಟುಕರಾಗುವುದು ತಪ್ಪುತ್ತದೆ. ಇದು ಶಿವಾನಿಯ ಹೂಟ.

ಇವತ್ತು ಕಥೆಯ ಸುರಂಗದಲ್ಲಿ ಹೀಲರ್ ಮೇಲೆ ಚಾವಣಿ ಕುಸಿಯಿತು. "ನಿಮ್ಮ ಹೀಲರ್ ಹೋದಳ್ರಿ, ಕಾಕು" ಎಂದಳು ಶಿವಾನಿ, ತಲೆ ಎತ್ತದೆ.

ಸುಭದ್ರಾಬಾಯಿ ಹೊಸ ಹಾಳೆ ಎಳೆದುಕೊಂಡಳು. "ಹೋಗ್ಲಿ ಬಿಡು. ಇನ್ನೊಬ್ಬಾಕಿನ ಕಟ್ಟೋಣ. ಹೀಲರೇ ಇರ್ಲಿ."

ಹಬೀಬನಿಗೆ ತಡೆಯಲಾಗಲಿಲ್ಲ. "ಬ್ಯಾಡ್ರಿ ಕಾಕು, ನಮಗ ಆಗವಲ್ದು. ಅವ ಇಲ್ದ ಈ ಆಟ ಆಗವಲ್ದು. ನಿಮ್ಮ ಸಲುವಾಗಿ ಬರ್ತಿದ್ವಿ. ಮಾಫ್ ಮಾಡ್ರಿ." ಮೇಜಿನ ಮೇಲೆ ತಲೆಯಿಟ್ಟು ಹೋ ಎಂದು ಅತ್ತ. ಅವನನ್ನು ಸುಮ್ಮನಾಗಿಸಲು ಹೋದ ಶಿವಾನಿಯೂ ಅತ್ತಳು.

ಸುಭದ್ರಾಬಾಯಿ ಇಬ್ಬರ ಬೆನ್ನು ಸವರುತ್ತ ಕೂತಳು. ಬಿಕ್ಕು ಇಳಿದ ಮೇಲೆ ಪೆನ್ಸಿಲ್ ಕೆಳಗಿಟ್ಟು, ಮಗನ ಕುರ್ಚಿಯಿಂದ ನಿಧಾನ ಎದ್ದಳು.

"ಇದರ ಮ್ಯಾಲ ಕೂಡೂದು ನನಗೂ ಆಗ್ತಿರಲಿಲ್ಲ. ಆದ್ರ ಈ ಕ್ಲಾಸ್ ಆರಿಸಿಕೊಟ್ಟಾವ ಅವನೇ. 'ಅವರಿಬ್ಬರೂ ನನ್ನ ಮುಂದ ನಕ್ಕೋತ ಕಣ್ಣೀರು ನುಂಗ್ಯಾರವ್ವಾ; ಒಮ್ಮಿ ಬಾಯಿಬಿಟ್ಟು ಅಳೂತನಕ ಅವರ ಜೋಡಿ ಕೂಡು' ಅಂದಿದ್ದ."