ಅಣ್ಣ ಓದಿದ ಮಧ್ಯಾಹ್ನ

ಮಗಳ ಟ್ಯಾಬಿನಲ್ಲಿ ಪದಗಳು ಒಂದೊಂದಾಗಿ ಹಳದಿಯಾಗುವುದನ್ನು ಕಂಡರೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ.

ಬುದ್ಧಿ ಬೆಳವಣಿಗೆ ನಿಧಾನವಾಗಿದ್ದ ನನ್ನ ಅಣ್ಣನಿಗೆ ಓದು ಕಲಿಸಿದ್ದು ಶಾಲೆಯ ಕಂಪ್ಯೂಟರ್. ಪರದೆಯಲ್ಲಿ ಯಾವ ಪದಕ್ಕೆ ಹಳದಿ ಬೆಳಕು ಬೀಳುತ್ತಿತ್ತೋ ಅದನ್ನು ಅವನು ಅಕ್ಷರ ಕೂಡಿಸಿ ಓದುತ್ತಿದ್ದ. "ನಿಮ್ಮ ಮಗಾ ಓದತಾನ್ರೀ," ಎಂದು ಟೀಚರ್ ಹೇಳಿ ಕಳಿಸಿದ್ದರು.

ಮುನವಳ್ಳಿಯಿಂದ ಮಾವ ಬಂದ ದಿನ ಅಪ್ಪ ಹೆಮ್ಮೆಯಿಂದ ಅಣ್ಣನ ಮುಂದೆ ಪೇಪರು ಹಾಸಿದ. "ಓದಪಾ, ನಿಮ್ಮ ಮಾವ ಕೇಳ್ಲಿ."

ಎಣ್ಣೆಯ ಕಲೆಯಿದ್ದ ಆ ಪೇಪರನ್ನೇ ನೋಡುತ್ತ ಅಣ್ಣ ಕಾದು ಕೂತ. ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು.

"ಅಪ್ಪಾ, ಲೈಟ್ ಹತ್ತವಲ್ದು," ಎಂದ ಕೊನೆಗೆ.

ಮಾವ ನಕ್ಕುಬಿಟ್ಟ. ಅಪ್ಪನ ಮುಖ ಕಪ್ಪಿಟ್ಟಿತು.

"ಸಾಲಿ ಸಾಕು. ನಾಳೆಯಿಂದ ನನ್ನ ಕೂಡ ಇಟ್ಟಂಗಿ ಭಟ್ಟಿಗಿ ಬಾ," ಎಂದವನೇ ಎದ್ದು ಹೊರಗೆ ಹೋದ.

ಅಣ್ಣ ಪೇಪರಿನ ಮುಂದಿನಿಂದ ಏಳಲಿಲ್ಲ. ಹೊತ್ತು ಇಳಿದಂತೆ ಬೆಳಕಿಂಡಿಯ ಬಿಸಿಲು ನೆಲದ ಮೇಲೆ ಸರಿಯುತ್ತ ಬಂದು ಒಂದು ಪದದ ಮೇಲೆ ನಿಂತಿತು. ಅವನು ಅದರ ಮೇಲೆ ಬೆರಳಿಟ್ಟ.

"ನೀ... ರು. ನೀರು." ಬಾಗಿಲ ಕಡೆ ತಿರುಗಿ ಕೂಗಿದ, "ಅಪ್ಪಾ, ಲೈಟ್ ಹತ್ತೇತಿ!"

ಅಂಗಳದಲ್ಲಿ ಅಪ್ಪ ಅಣ್ಣನ ಎತ್ತರಕ್ಕೆ ಸರಿಯಾಗಿ ಸಲಿಕೆಯ ಮರದ ಕಾವು ಕೊಯ್ಯುತ್ತಿದ್ದ.